ಜೋಮು ಹಿಡಿದ ಕೈಗೆ ಸಾಕ್ಷಿ ಯಾರು?

ಗುರುದೀಕ್ಷೆ ಪಡೆದು ನಾಲ್ಕೈದು ವರ್ಷಗಳಾಗಿದ್ದವು. ಚಾಮರಾಜನಗರದ ಕಡೆಯ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. 2003ರ ಒಂದು ಭಾನುವಾರ, ಬಲಿಪೂಜೆಯ ಕಾಣಿಕೆ ಮೆರವಣಿಗೆಯಲ್ಲಿ ದ್ರಾಕ್ಷಾರಸ ಹಾಗೂ ನೀರಿನ ಗಾಜಿನ ಕುಡಿಕೆಗಳನ್ನು ಹಿಡಿದು ಬರುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ಕಲ್ಲುಗಣಿ ಕಾರ್ಮಿಕರು. ಪೀಠದ ಮೆಟ್ಟಿಲಿನ ಬಳಿ ನೀರಿನ ಕುಡಿಕೆ ಅವರ ಬೆರಳುಗಳ ನಡುವಿನಿಂದ ಜಾರಿ ನೆಲಕ್ಕೆ ಬಿದ್ದು ಚೂರುಚೂರಾಯಿತು. ಅವರು ಎಡವಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಕುಡಿಕೆ ಕೈಯಲ್ಲಿಲ್ಲವೆಂಬುದು ಅವರಿಗೆ ತಿಳಿದದ್ದೇ ಗಾಜು ಒಡೆದ ಸದ್ದು ಕೇಳಿದ ಮೇಲೆ.

ಪೂಜೆ ಮುಗಿದ ನಂತರ ಅವರನ್ನು ಒಳಗೆ ಕರೆದೆ. "ದೇವರ ಮನೆಗೆ ಬರುವ ದಿನವಾದರೂ ನಾಲಿಗೆಯ ಮೇಲೆ ಹಿಡಿತ ಇರಬಾರದೇ?" ಎಂದೆ. ಅವರು ತಲೆ ತಗ್ಗಿಸಿ, "ಕುಡ್ದಿಲ್ಲ ಸ್ವಾಮಿ. ಕೈ ಜೋಮು" ಎಂದಷ್ಟೇ ಹೇಳಿದರು. ನಾನು ನಂಬಲಿಲ್ಲ. ಗಣಿ ಕೆಲಸದವರು ಕುಡಿಯುತ್ತಾರೆ ಎಂಬುದು ಆ ಊರಿನಲ್ಲಿ ನಾನು ಕಲಿತಿದ್ದ ಮೊದಲ ಪಾಠಗಳಲ್ಲೊಂದಾಗಿತ್ತು. ಯಾರು ಕಲಿಸಿದರೆಂದು ಕೇಳಿದ್ದರೆ ಹೇಳಲು ನನಗೆ ಆಗುತ್ತಿರಲಿಲ್ಲ.

ಎರಡು ದಿನಗಳ ಬಳಿಕ ಅವರ ಪತ್ನಿ ಬಂದರು. ದೂರು ಹೇಳಲು ಬಂದವರಲ್ಲ. ಒಡೆದ ಕುಡಿಕೆಯ ಹಣ ಕೊಡಲು ಬಂದವರು. ಮಾತಿನ ನಡುವೆ ತಿಳಿದದ್ದಿಷ್ಟು: ಎರಡು ವರ್ಷಗಳಿಂದ ಗಂಡನ ಅಂಗಿಯ ಗುಂಡಿ ಹಾಕುತ್ತಿರುವವರು ಆಕೆಯೇ. ರಾತ್ರಿ ಕೈಗಳು ಚುಮುಗುಟ್ಟಿ ಅವರು ಎದ್ದು ಕೂರುತ್ತಾರೆ. ಸಂಜೆಯ ಜಪಸರದಲ್ಲಿ ಬೆರಳಿಗೆ ಮಣಿ ಸಿಕ್ಕಿತೋ ಜಾರಿತೋ ತಿಳಿಯದೆ ಎಣಿಕೆ ತಪ್ಪುತ್ತದೆ. ಆದ್ದರಿಂದ ಅವರು ಚಾಪೆಯ ಮೇಲೆ ಹತ್ತು ಹುಣಸೆ ಬೀಜಗಳನ್ನಿಟ್ಟುಕೊಂಡು, ಪ್ರತಿಯೊಂದು 'ನಮೋ ಮರಿಯಾ'ಕ್ಕೆ ಒಂದೊಂದನ್ನು ಆಚೆಗೆ ಸರಿಸುತ್ತಾರೆ. ಬೆರಳು ಕಾಣದ್ದನ್ನು ಕಣ್ಣು ಕಾಣಲಿ ಎಂದು.

ಅವರು ಹದಿನೈದು ವರ್ಷಗಳಿಗೂ ಮಿಗಿಲಾಗಿ ಕಪ್ಪು ಕಲ್ಲಿನ ಗಣಿಯಲ್ಲಿ ಕಂಪ್ರೆಸರಿನ ಜ್ಯಾಕ್‌ಹ್ಯಾಮರ್ ಹಿಡಿದು, ಬಂಡೆಯಲ್ಲಿ ಸಾಲುಸಾಲಾಗಿ ತೂತು ಕೊರೆದಿದ್ದವರು.

ನನ್ನ ಮನಸ್ಸು ಕಲಕಿತು ಎಂದು ಬರೆಯುವುದು ಸುಲಭ. ನಿಜವಾಗಿ ನಾನು ಮಾಡಿದ್ದೇನು? ಮೈಸೂರಿನಿಂದ ದಪ್ಪ ಚರ್ಮದ ಒಂದು ಜೊತೆ ಕೈಗವಸು ತರಿಸಿಕೊಟ್ಟೆ. ಅವರನ್ನು ಪಟ್ಟಣದ ಒಂದು ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ಎಕ್ಸ್‌ರೇ ತೆಗೆದು, "ಏನೂ ಕಾಣುತ್ತಿಲ್ಲ" ಎಂದು ಹೇಳಿ ವಿಟಮಿನ್ ಮಾತ್ರೆ ಬರೆದುಕೊಟ್ಟರು. ಆ ವೈದ್ಯರನ್ನು ದೂರುವ ಅಧಿಕಾರ ನನಗಿಲ್ಲ. ನನಗೂ ಏನೂ ಕಂಡಿರಲಿಲ್ಲವಲ್ಲ!

ಕಂಡದ್ದು ನಮ್ಮ ಧರ್ಮಕೇಂದ್ರದ ಚಿಕಿತ್ಸಾಲಯ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಅವರಿಗೆ. ಅವರು ಪೆಟ್ಟಿಗೆಯಿಂದ ಉಕ್ಕಿನ ಶ್ರುತಿಕವೆಯೊಂದನ್ನು ತೆಗೆದರು. ಸೆಕೆಂಡಿಗೆ 128 ಬಾರಿ ಕಂಪಿಸುವ, ವೈದ್ಯರು ನರಗಳ ಪರೀಕ್ಷೆಗೆ ಬಳಸುವ ಸಾಧನ ಅದು. ಅದನ್ನು ತಟ್ಟಿ, ಬುಡವನ್ನು ಅವರ ತೋರುಬೆರಳಿನ ತುದಿಗೆ ಒತ್ತಿ ಹಿಡಿದು, "ನಡುಕ ನಿಂತಾಗ ಹೇಳಿ" ಎಂದರು. "ನಿಂತೋಯ್ತು" ಎಂದು ಅವರು ತಕ್ಷಣವೇ ಹೇಳಿದರು. ಸಿಸ್ಟರ್ ಮಾತಾಡದೆ ಅದೇ ಕವೆಯನ್ನು ನನ್ನ ಬೆರಳಿಗೆ ಇಟ್ಟರು. ಅದು ಇನ್ನೂ ಗುನುಗುತ್ತಿತ್ತು. ಬಹಳ ಹೊತ್ತು ಗುನುಗಿತು.

ಒಬ್ಬ ಮನುಷ್ಯನ ಮಾತನ್ನು ನಂಬಲು ನನಗೆ ಒಂದು ಲೋಹದ ತುಂಡು ಬೇಕಾಯಿತು. ಈ ಸಂಗತಿ ಇಪ್ಪತ್ತು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಇದರಲ್ಲಿ ಅಡಗಿರುವ ನೈತಿಕ ಪ್ರಶ್ನೆಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ಅಳತೆಗೆ ಸಿಗುವ ನೋವು ಮಾತ್ರ ನೋವೇ? ಅಥವಾ ಅಳೆಯದೆ ತೋರುವ ಕನಿಕರವೇ ಒಂದು ಬಗೆಯ ಉದಾಸೀನವೇ?

ಮೊದಲು ಕೈಯ ವಿಚಾರ. 1831ರಲ್ಲಿ ಇಟಲಿಯ ಪಿಸ್ತೋಯಾ ನಗರದಲ್ಲಿ ಫಿಲಿಪ್ಪೋ ಪಾಚೀನಿ ಎಂಬ ವೈದ್ಯ ವಿದ್ಯಾರ್ಥಿ ಶವವೊಂದರ ಅಂಗೈಯನ್ನು ಸೀಳಿ ನೋಡುತ್ತಿದ್ದಾಗ, ನರಗಳ ತುದಿಯಲ್ಲಿ ಕಾಳಿನಂತಹ ಸಣ್ಣ ಗಂಟುಗಳನ್ನು ಕಂಡನು. ಈರುಳ್ಳಿಯಂತೆ ಪದರ ಪದರವಾಗಿರುವ ಈ ಕಾಳುಗಳೇ ವೇಗದ ಕಂಪನವನ್ನು ಗ್ರಹಿಸುವ ಅಂಗಗಳು. ಸೆಕೆಂಡಿಗೆ ಇನ್ನೂರು ಮುನ್ನೂರು ಬಾರಿ ನಡೆಯುವ ಕಂಪನವಾದರೆ, ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಲುಗಾಟವನ್ನು ನಮ್ಮ ಬೆರಳು ಅರಿಯಬಲ್ಲದು. ಬಟ್ಟೆಯ ನೂಲು ಒರಟೋ ನಯವೋ, ಮಗುವಿನ ಹಣೆ ಬೆವರಿದೆಯೋ ಒಣಗಿದೆಯೋ ಎಂಬುದನ್ನು ಕತ್ತಲಲ್ಲೂ ತಾಯಿಗೆ ತಿಳಿಸುವ ಕೈ ಇದು. ಇಂತಹ ಕೈಗೆ ನಾವು ಬಂಡೆ ಕೊರೆಯುವ ಯಂತ್ರವನ್ನು ಕೊಟ್ಟೆವು.

ಪರಿಣಾಮ ಬೇಗನೆ ಕಾಣಿಸಿಕೊಂಡಿತು. ಗಾಳಿಯ ಒತ್ತಡದಿಂದ ನಡೆಯುವ ಉಪಕರಣ ಹಿಡಿದ ಗಣಿಗಾರರ ಬೆರಳುಗಳಲ್ಲಿ ರಕ್ತನಾಳಗಳು ಸೆಟೆದುಕೊಳ್ಳುವುದನ್ನು 1911ರಲ್ಲಿ ಇಟಲಿಯ ಜೊವಾನ್ನಿ ಲೋರಿಗಾ ವರದಿ ಮಾಡಿದನು. 1918ರ ಚಳಿಗಾಲದಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಎಂಬ ಸುಣ್ಣಕಲ್ಲಿನ ಗಣಿಗಳ ಊರಿಗೆ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಹೋದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿಯಾದ ಈಕೆ, ಕಲ್ಲು ಕೆತ್ತುವವರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿಸಿ, ಬೆರಳುಗಳನ್ನು ಪರೀಕ್ಷಿಸಿದರು. ಚಳಿಯ ಬೆಳಗಿನಲ್ಲಿ ಬೆರಳುಗಳು ಹೆಣದಂತೆ ಬಿಳಿಚಿಕೊಂಡು ಸ್ಪರ್ಶ ಕಳೆದುಕೊಳ್ಳುತ್ತಿದ್ದವು. ಉಳಿ ಹಿಡಿಯುವ ಎಡಗೈಯ ಬೆರಳುಗಳಲ್ಲಿ ತೊಂದರೆ ಹೆಚ್ಚು. ಕಂಪನ, ಚಳಿ, ಬಿಗಿ ಹಿಡಿತ ಈ ಮೂರೂ ಸೇರಿ ಹೀಗಾಗುತ್ತದೆ ಎಂದು ಅವರು ಬರೆದರು. ಅವರ ಬಳಿ ಇದ್ದ ಮುಖ್ಯ ಸಾಧನ ಶ್ರುತಿಕವೆಯೂ ಅಲ್ಲ, ಕೇಳಿಸಿಕೊಳ್ಳುವ ಕಿವಿ.

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅರವತ್ತು ವರ್ಷಗಳ ನಂತರ, 1978ರಲ್ಲಿ, ಸಂಶೋಧಕರ ತಂಡವೊಂದು ಅದೇ ಬೆಡ್‌ಫರ್ಡಿಗೆ ಹೋಗಿ ಅದೇ ಕೆಲಸದವರನ್ನು ಪರೀಕ್ಷಿಸಿತು. 1984ರಲ್ಲಿ ಪ್ರಕಟವಾದ ಅವರ ವರದಿಯ ಸಾರ ಇದು: ರೋಗ ಕಡಿಮೆಯಾಗಿಲ್ಲ. ಅದೇ ಬಗೆಯ ಉಪಕರಣ, ಅದೇ ಬಿಳಿ ಬೆರಳು. ಜ್ಞಾನವಿತ್ತು, ದಾಖಲೆಯಿತ್ತು, ಸರ್ಕಾರಿ ಮುದ್ರಣಾಲಯದ ಪುಸ್ತಕವಿತ್ತು. ಕೈಗಳಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ.

ಬ್ರಿಟನ್ನಿನಲ್ಲಿ ನಡೆದದ್ದು ಬೇರೆ ರೀತಿ. ಇದನ್ನು ಪರಿಹಾರ ನೀಡಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಬೇಕೇ ಎಂದು ಅಲ್ಲಿನ ಸಲಹಾ ಮಂಡಳಿ 1954, 1970, 1975ರಲ್ಲಿ ಮೂರು ಬಾರಿ ಪರಿಶೀಲಿಸಿ, ಮೂರು ಬಾರಿಯೂ ಬೇಡವೆಂದಿತು. ಕಾರ್ಮಿಕನು ಹೇಳುವುದು ನಿಜವೆಂದು ಪರೀಕ್ಷಿಸಿ ತಿಳಿಯುವುದು ಹೇಗೆ ಎಂಬುದು ಅಂದಿನ ದೊಡ್ಡ ತೊಡಕುಗಳಲ್ಲೊಂದು. ಕೊನೆಗೆ ಪಟ್ಟಿಗೆ ಸೇರಿದ್ದು 1985ರಲ್ಲಿ. ಕಲ್ಲಿದ್ದಲು ಗಣಿಗಾರರ ಪರವಾಗಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತದ್ದು 1998ರಲ್ಲಿ. ಆನಂತರ ಪರಿಹಾರ ಕೋರಿ ಬಂದ ಅರ್ಜಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಆ ವೇಳೆಗೆ ಎಷ್ಟೋ ಕೈಗಳು ಮಣ್ಣು ಸೇರಿದ್ದವು. ಪುರಾವೆ ಕೇಳುವುದು ಅನ್ಯಾಯವಲ್ಲ. ಆದರೆ ಪುರಾವೆಯನ್ನು ಹುಡುಕುವ ಹೊಣೆಯನ್ನು ನೋವುಂಡವನ ಮೇಲೆಯೇ ಹೊರಿಸಿ, ಅವನು ತರುವವರೆಗೆ ಮಾತನ್ನು ಸುಳ್ಳೆಂದು ಎಣಿಸುವುದಿದೆಯಲ್ಲ, ಅದನ್ನೇ ನಾನು ಆ ಭಾನುವಾರ ಮಾಡಿದ್ದು.

ಹಾಗೆಂದು ಅಳತೆಯನ್ನು ಹಳಿಯುವವನು ನಾನಲ್ಲ. ನಮ್ಮ ಧಾರ್ಮಿಕ ವಲಯಗಳಲ್ಲಿ ಅಂಕಿ-ಅಂಶವೆಂದರೆ ಹೃದಯಹೀನತೆ, ಕರುಣೆಯೆಂದರೆ ಹೃದಯ ಎಂಬ ಸುಲಭದ ವಿಂಗಡಣೆಯೊಂದಿದೆ. ಅದನ್ನು ನಾನು ಕಳೆದುಕೊಂಡದ್ದು ನನ್ನ ಅಕ್ಕನ ಮಗನಿಂದ. ಅವನು ಬೆಂಗಳೂರಿನಲ್ಲಿ ಉಪಕರಣಗಳನ್ನು ಪರೀಕ್ಷಿಸುವ ಇಂಜಿನಿಯರ್. ಒಮ್ಮೆ ಅವನ ಪ್ರಯೋಗಶಾಲೆಗೆ ಹೋದಾಗ, ಕಂಪನ ಯಂತ್ರಕ್ಕೆ ಜೋಡಿಸಿದ ಹಿಡಿಕೆಯೊಂದನ್ನು ನನ್ನ ಕೈಗೆ ಕೊಟ್ಟು, ಮಣಿಕಟ್ಟಿನ ಮೇಲೆ ಒಂದು ಸಣ್ಣ ಕಂಪನಮಾಪಕ ಕಟ್ಟಿದ. "ಸಡಿಲವಾಗಿ ಹಿಡಿಯಿರಿ ಮಾಮ" ಎಂದ. ಪರದೆಯಲ್ಲಿ ಗೆರೆ ಕೆಳಗಿತ್ತು. "ಈಗ ಬಿಗಿಯಾಗಿ" ಎಂದ; ಗೆರೆ ಏರಿತು. ಯಂತ್ರ ಬದಲಾಗಿರಲಿಲ್ಲ. ಹಿಡಿತ ಬಿಗಿಯಾದಷ್ಟೂ ನಡುಕ ಮೈಯೊಳಗೆ ಹೆಚ್ಚು ಇಳಿಯುತ್ತದೆ. ಆದ್ದರಿಂದಲೇ ಪರೀಕ್ಷೆಗಳಲ್ಲಿ ಹಿಡಿತವನ್ನೂ ಅಳೆಯುತ್ತಾರಂತೆ. ಕಂಪನ ತಡೆಯುವ ಕೈಗವಸುಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 30 ನ್ಯೂಟನ್ ಹಿಡಿತ, 50 ನ್ಯೂಟನ್ ಒತ್ತಡ ಎಂದು ನಿಗದಿಯಾಗಿದೆ; ಅಂದರೆ ಸುಮಾರು ಮೂರು ಕಿಲೋ ಮತ್ತು ಐದು ಕಿಲೋ ಭಾರದಷ್ಟು.

ನಾನು ಮೆಲ್ಲಗೆ ಕೈಗವಸಿನ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬಂಡೆ ಕೊರೆಯುವ ಯಂತ್ರದ ನಡುಕದಲ್ಲಿ ಹೆಚ್ಚಿನ ಬಲವಿರುವುದು ನಿಧಾನಗತಿಯ ಕಂಪನಗಳಲ್ಲಿ. ಅವನ್ನು ಕೈಗವಸು ತಡೆಯುವುದು ಅತ್ಯಲ್ಪ. ಮೇಲಾಗಿ ದಪ್ಪ ಕೈಗವಸು ತೊಟ್ಟವನು ಹಿಡಿಕೆ ಜಾರದಿರಲೆಂದು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. "ಕೈ ಬೆಚ್ಚಗಿರುತ್ತದೆ, ಗಾಯವಾಗುವುದಿಲ್ಲ, ಅಷ್ಟು ಒಳ್ಳೆಯದೇ ಮಾಮ" ಎಂದ. ನನ್ನನ್ನು ಸಮಾಧಾನಪಡಿಸಲು ಹೇಳಿದ್ದೆಂಬುದು ತಿಳಿಯದಿರಲಿಲ್ಲ. ನಾನು ಕೊಟ್ಟ ಪ್ರೀತಿಯ ಕಾಣಿಕೆ ಆ ಕೈಗಳಿಗೆ ಇನ್ನಷ್ಟು ಕೇಡು ತಂದಿರಬಹುದು. ಸದುದ್ದೇಶವೊಂದೇ ಸತ್ಕಾರ್ಯವಾಗದು ಎಂದು ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ಓದಿದ್ದೆ. ಅರ್ಥವಾದದ್ದು ಆ ಹಿಡಿಕೆ ಹಿಡಿದಾಗ.

ಅಂದು ಅವನಿಂದ ಕಲಿತ ಇನ್ನೂ ಕೆಲವು ಸಂಗತಿಗಳನ್ನು ಹೇಳುವುದು ಅವಶ್ಯ. ನಿಧಾನವಾದ ನಡುಕ ಮೊಣಕೈ ದಾಟಿ ಭುಜದವರೆಗೂ ಹೋಗುತ್ತದೆ. ಸೆಕೆಂಡಿಗೆ ನೂರಕ್ಕಿಂತ ವೇಗವಾದ ಕಂಪನ ಬಹುಮಟ್ಟಿಗೆ ಕೈಯಲ್ಲೇ ಉಳಿಯುತ್ತದೆ. ಇನ್ನೂ ವೇಗವಾದದ್ದು ಬೆರಳುಗಳಲ್ಲೇ ಇಂಗಿಹೋಗುತ್ತದೆ. ಕಂಪನದ ತೀವ್ರತೆಯನ್ನು ಮೂರು ದಿಕ್ಕುಗಳಲ್ಲಿ ಅಳೆದು ಒಂದೇ ಸಂಖ್ಯೆಯಾಗಿ ಕೂಡಿಸುತ್ತಾರೆ. ಅದನ್ನು ಸೆಕೆಂಡಿನ ವರ್ಗಕ್ಕೆ ಇಷ್ಟು ಮೀಟರ್ ಎಂಬ ವೇಗೋತ್ಕರ್ಷದ ಮಾನದಲ್ಲಿ ಹೇಳುತ್ತಾರೆ. ಮೇಲಿಂದ ಬಿಟ್ಟ ಕಲ್ಲಿನ ವೇಗೋತ್ಕರ್ಷ 9.8 ಎಂದು ಶಾಲೆಯಲ್ಲಿ ಕಲಿತದ್ದು ಓದುಗರಿಗೆ ನೆನಪಿರಬಹುದು. ಬಳಿಕ ದಿನಕ್ಕೆ ಎಷ್ಟು ಗಂಟೆ ಹಿಡಿದರೆಂಬುದನ್ನು ಸೇರಿಸಿ, ಎಂಟು ಗಂಟೆಗಳ ದಿನಕ್ಕೆ ಹೊಂದಿಸುತ್ತಾರೆ. ಹತ್ತರ ತೀವ್ರತೆಯ ಯಂತ್ರವನ್ನು ಎರಡು ಗಂಟೆ ಹಿಡಿದರೆ ಅದು ಇಡೀ ದಿನಕ್ಕೆ ಐದಾಗುತ್ತದೆ. ಐರೋಪ್ಯ ಒಕ್ಕೂಟ 2002ರಲ್ಲಿ ಮಾಡಿದ ನಿಯಮದ ಪ್ರಕಾರ ಐದು ಎಂಬುದು ಮೀರಬಾರದ ಗಡಿ. ಎರಡೂವರೆ ತಲುಪಿದಾಗಲೇ ಮಾಲೀಕನು ಕ್ರಮ ಕೈಗೊಳ್ಳಬೇಕು. ಹತ್ತರ ಯಂತ್ರದಲ್ಲಿ ಎರಡೂವರೆ ತಲುಪಲು ಬೇಕಾದದ್ದು ಅರ್ಧ ಗಂಟೆ.

ಈ ಅಳತೆಗಳ ಒಳಗೂ ನೈತಿಕ ಪ್ರಶ್ನೆಗಳು ಕುಳಿತಿವೆ. ಯಾವ ವೇಗದ ಕಂಪನಕ್ಕೆ ಎಷ್ಟು ತೂಕ ಕೊಡಬೇಕೆಂಬ ಲೆಕ್ಕ ರೂಪುಗೊಂಡದ್ದು 1960ರ ದಶಕದ ಕೊನೆಯಲ್ಲಿ ಜಪಾನಿನ ಮಿವಾ ಎಂಬ ಸಂಶೋಧಕರು ನಡೆಸಿದ ಪ್ರಯೋಗಗಳ ಆಧಾರದ ಮೇಲೆ. ಅವರು ಕೇಳಿದ್ದು, ಯಾವ ಕಂಪನ ಕೈಗೆ ಹೆಚ್ಚು ಅನ್ನಿಸುತ್ತದೆ ಎಂದು. ಅನ್ನಿಸುವುದು ಬೇರೆ, ಕೆಡಿಸುವುದು ಬೇರೆ. ವೇಗದ ಕಂಪನ ಅಷ್ಟಾಗಿ ಅನ್ನಿಸದಿದ್ದರೂ ಬೆರಳಿನ ರಕ್ತನಾಳಗಳಿಗೆ ಅದರಿಂದ ಆಗುವ ಹಾನಿಯನ್ನು ಈ ಲೆಕ್ಕ ಕಡಿಮೆಯಾಗಿ ಎಣಿಸುತ್ತದೆಂದು ಅನೇಕ ತಜ್ಞರ ತಕರಾರು. (ಅನ್ನಿಸದೆಯೇ ಹಾನಿ ಮಾಡುವ ಪಾಪದ ಕುರಿತು ಇಲ್ಲಿಂದ ಒಂದು ಪ್ರಬೋಧನೆ ಹೊಸೆಯಬಹುದು. ಒಮ್ಮೆ ಹೊಸೆದೂ ಇದ್ದೆ. ಆಮೇಲೆ ನಾಚಿಕೆಯಾಯಿತು. ಆ ಮನುಷ್ಯನ ಕೈ ನನ್ನ ಪ್ರಬೋಧನೆಗೆ ದೃಷ್ಟಾಂತವಾಗಲೆಂದು ಕೆಟ್ಟದ್ದಲ್ಲ.)

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಂಭೀರ. 2001ರ ಅಂತರರಾಷ್ಟ್ರೀಯ ಮಾನದಂಡದ ಅನುಬಂಧದಲ್ಲಿ ಒಂದು ಸೂತ್ರವಿದೆ. ದಿನದ ಕಂಪನ ಇಷ್ಟಿದ್ದರೆ, ಎಷ್ಟು ವರ್ಷಗಳಲ್ಲಿ ನೂರರಲ್ಲಿ ಹತ್ತು ಜನರ ಬೆರಳು ಬಿಳಿಚುತ್ತದೆ ಎಂಬುದನ್ನು ಅದು ಹೇಳುತ್ತದೆ. ದಿನದ ಲೆಕ್ಕ ಏಳಾದರೆ ಸುಮಾರು ನಾಲ್ಕು ವರ್ಷ. ಎರಡೂವರೆಯಾದರೆ ಸುಮಾರು ಹನ್ನೆರಡು ವರ್ಷ. ಇದು ಸುರಕ್ಷತೆಯ ಗಡಿಯಲ್ಲವೆಂದು ಆ ಮಾನದಂಡವೇ ಸ್ಪಷ್ಟಪಡಿಸುತ್ತದೆ. ಸೂತ್ರ ರಚಿಸಿದವರು ಕ್ರೂರಿಗಳಲ್ಲ. ಆದರೆ ಕಚೇರಿಯಲ್ಲಿ ಕುಳಿತು ಓದುವವನಿಗೆ ಅದು ಅನುಮತಿಪತ್ರದಂತೆ ಕಾಣಬಹುದು: ಹತ್ತರಲ್ಲಿ ಒಬ್ಬ ತಾನೇ! ತೊಂಬತ್ತೊಂಬತ್ತನ್ನು ಬಿಟ್ಟು ಒಂದು ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಲೆಕ್ಕ ಯಾವ ಕಾರ್ಖಾನೆಗೂ ಒಪ್ಪಿಗೆಯಾಗದು ಎಂದು ಹೇಳುವವರಿದ್ದಾರೆ. ನನ್ನ ಉತ್ತರ ಇಷ್ಟೇ: ಆ ಒಬ್ಬ ಯಾರೆಂದು ಮೊದಲೇ ತಿಳಿದಿದ್ದರೆ, ಅವನ ಹೆಂಡತಿ ಮಕ್ಕಳ ಮುಂದೆ ಆ ಸೂತ್ರವನ್ನು ಓದಿ ಹೇಳುವ ಧೈರ್ಯ ನಮಗಿದೆಯೇ?

ಲೆಕ್ಕ ಮನುಷ್ಯನ ಸೇವೆಗೆ ನಿಂತಾಗ ಏನಾಗುತ್ತದೆಂಬುದಕ್ಕೂ ಸಾಕ್ಷಿಯಿದೆ. ಫಿನ್ಲೆಂಡಿನ ಕಾಡುಗಳಲ್ಲಿ ಯಂತ್ರದ ಗರಗಸ ಹಿಡಿದು ಮರ ಕಡಿಯುವವರನ್ನು ವೈದ್ಯರು ವರ್ಷಗಟ್ಟಲೆ ಹಿಂಬಾಲಿಸಿ ಪರೀಕ್ಷಿಸಿದರು. 1972ರಲ್ಲಿ ನೂರಕ್ಕೆ 40 ಮಂದಿಗೆ ಬಿಳಿ ಬೆರಳಿನ ರೋಗವಿತ್ತು. 1990ರಲ್ಲಿ ನೂರಕ್ಕೆ ಐದು. ಮುಖ್ಯವಾಗಿ ಬದಲಾದದ್ದು ಗರಗಸ. ಅದರ ಕಂಪನ ಅಳತೆಯಲ್ಲಿ 14ರಿಂದ 2ಕ್ಕೆ ಇಳಿದಿತ್ತು. ಮರ ಕಡಿಯುವವನಿಗೆ ಸಹನೆ ಬೋಧಿಸಲಿಲ್ಲ. ಹಿಡಿಕೆಗೂ ಎಂಜಿನ್ನಿಗೂ ನಡುವೆ ಕಂಪನ ಹೀರುವ ಜೋಡಣೆ ಇಟ್ಟರು. ಬೆಡ್‌ಫರ್ಡಿಗೂ ಫಿನ್ಲೆಂಡಿಗೂ ಇರುವ ಅಂತರ ಜ್ಞಾನದ್ದಲ್ಲ.

ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯ ಕುರಿತು ವಿಶ್ವಪತ್ರ ಹೊರಡಿಸಿ, ಕೆಲಸವಿರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ಕೆಲಸಕ್ಕಾಗಿ ಅಲ್ಲ ಎಂಬ ವಿಚಾರವನ್ನು ಎತ್ತಿ ಹಿಡಿದರು. ಅದು ಕೇವಲ ಗ್ರಂಥಾಲಯದ ವಿಚಾರವಾಗಿರಲಿಲ್ಲ. ನಾಜಿ ಆಕ್ರಮಣದ ಕಾಲದಲ್ಲಿ, 1940ರಿಂದ, ತರುಣ ಕರೋಲ್ ವೊಯ್ತಿವಾ ಕ್ರಾಕೋವ್ ಬಳಿಯ ಜಕ್‌ಶೂವೆಕ್ ಸುಣ್ಣಕಲ್ಲಿನ ಗಣಿಯಲ್ಲಿ ಕೂಲಿ ಕೆಲಸ ಮಾಡಿದ್ದರು. ಆ ಗಣಿಯ ನೆನಪಿನಿಂದ ಮುಂದೆ ಒಂದು ಕವಿತೆಯನ್ನೂ ಬರೆದರು. ಕಲ್ಲು ಒಡೆಯುವವನ ಅಂಗೈ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನನಗೆ ಹೇಳಿಕೊಡಬೇಕಾಯಿತು.

ನಮ್ಮ ನಾಡಿನ ಹವೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೆರಳು ಬಿಳಿಚಲು ಚಳಿ ಬೇಕು. ಬಿಸಿಲ ನಾಡುಗಳಲ್ಲಿ ಅದು ಅಪರೂಪ. ಜೋಮು, ಚುಮುಗುಟ್ಟುವಿಕೆ, ಹಿಡಿತ ತಪ್ಪುವುದು, ಇವೇ ಹೆಚ್ಚು. 1986ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ತಜ್ಞರು ರಕ್ತನಾಳಗಳ ಹಾನಿಗೆ ಒಂದು, ನರಗಳ ಹಾನಿಗೆ ಇನ್ನೊಂದು ಎಂದು ಎರಡು ಪ್ರತ್ಯೇಕ ಶ್ರೇಣಿಗಳನ್ನು ರೂಪಿಸಿದ್ದು ಬಹಳ ಉಪಕಾರವಾಯಿತು. ಮೊದಲನೆಯದರಲ್ಲಿ ನಮ್ಮ ಹಿರಿಯರಿಗೆ ಸೊನ್ನೆ ಬರುತ್ತಿತ್ತು. ಎರಡನೆಯದೊಂದಿದೆ ಎಂದು ತಿಳಿದವರು ಮಾತ್ರ ಅವರನ್ನು ನಂಬುತ್ತಿದ್ದರು.

ಶ್ರುತಿಕವೆಯ ಪರೀಕ್ಷೆಯಾದ ಸಂಜೆಯೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೆ. ಅವರಿಗೆ ಮುಜುಗರವಾಯಿತು, ಹೆಂಡತಿಗೆ ಕಾಫಿ ಮಾಡಲು ಹೇಳಿದರು. ಮುಂದಿನ ವರ್ಷ ಅವರ ಪರವಾಗಿ ಒಂದು ಕಚೇರಿಗೆ ಪರಿಹಾರದ ಅರ್ಜಿ ಬರೆಯಲು ಕುಳಿತೆವು. ಎಷ್ಟು ವರ್ಷ ಕೆಲಸ ಮಾಡಿದ್ದರೆಂಬುದಕ್ಕೆ ದಾಖಲೆ ಬೇಕಿತ್ತು. ವಾರಕ್ಕೊಮ್ಮೆ ಕೈಗೆ ದುಡ್ಡು ಕೊಡುತ್ತಿದ್ದ ಗುತ್ತಿಗೆದಾರರು ಬದಲಾಗುತ್ತಲೇ ಇದ್ದರು. ಹಾಜರಿ ಪುಸ್ತಕ ಇರಲಿಲ್ಲ. ಇದ್ದರೂ ಇವರ ಹೆಸರು ಇರಲಿಲ್ಲ. ಕೊನೆಗೆ ನಾನು ದೇವಾಲಯದ ಜ್ಞಾನಸ್ನಾನದ ದಫ್ತರ ತೆರೆದೆ. ಮಗುವಿನ ಹೆಸರಿನ ಮುಂದೆ ತಂದೆಯ ಉದ್ಯೋಗ ಬರೆಯುವ ಒಂದು ಅಂಕಣವಿದೆ. 1981ರಲ್ಲಿ ಹಿರಿಯ ಮಗಳ ಸಾಲಿನಲ್ಲಿ 'ಕೂಲಿ'. 1984ರಲ್ಲಿ 'ಕಲ್ಲು ಕೆಲಸ'. 1988ರಲ್ಲಿ, ಅಂದಿನ ವಿಚಾರಣಾ ಗುರುಗಳ ಓರೆ ಅಕ್ಷರಗಳಲ್ಲಿ, 'ಕಂಪ್ರೆಸರ್ ಕೆಲಸ'. ಆ ಮೂರು ಸಾಲುಗಳನ್ನು ನಕಲು ಮಾಡಿ ಮುದ್ರೆ ಒತ್ತಿ ಅರ್ಜಿಯ ಜೊತೆ ಕಳುಹಿಸಿದೆ.

ಅರ್ಜಿ ಹಿಂದಿರುಗಿತು. ಯಂತ್ರವನ್ನು ದಿನಕ್ಕೆ ಎಷ್ಟು ಗಂಟೆ ಹಿಡಿಯುತ್ತಿದ್ದರೆಂಬುದನ್ನು ನಮೂದಿಸಿಲ್ಲ ಎಂಬ ಆಕ್ಷೇಪಣೆ ಬರೆದಿತ್ತು. ಪ್ರಶ್ನೆ ಸರಿಯಾದದ್ದೇ, ಆ ಸಂಖ್ಯೆಯಿಲ್ಲದೆ ಸೂತ್ರ ಮುಂದೆ ಸಾಗದು ಎಂಬುದು ನನಗೆ ಆಮೇಲೆ ತಿಳಿಯಿತು. ಪತ್ರ ಹಿಡಿದು ಮತ್ತೆ ಅವರ ಮನೆಗೆ ಹೋದೆ. ಚಾಪೆಯ ಮೇಲೆ ಹುಣಸೆ ಬೀಜಗಳಿದ್ದವು. ಕೇಳಿದೆ. ಅವರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾ ಸ್ವಲ್ಪ ಹೊತ್ತು ಯೋಚಿಸಿದರು.

"ಬೆಳಗ್ಗೆ ಟೀ ಕುಡ್ದು ಮಿಷನ್ ಹಿಡ್ಕಂಡ್ರೆ ಊಟದ ಹೊತ್ಗೆ ಬುಡ್ತಿದ್ದೊ ಸ್ವಾಮಿ. ಉಂಡು ಮತ್ತೆ ಹಿಡ್ಕಂಡ್ರೆ ಹೊತ್ತು ಮುಳುಗೋಗಂಟ. ಅಂಗೇ ಬರ್ಕಳಿ."

ಹಾಗೆಯೇ ಬರೆದೆ.